ಹಾರವಿಲ್ಲದ ಫೋಟೋ

ಓದುವ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ ಶರಣು. ನಾನು ಗಂಗಾವತಿಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಬಸಣ್ಣ. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು. ಎರಡು ಮಕ್ಕಳಾದ ಮೇಲೆ ಹತ್ತನೇ ತರಗತಿ ಪರೀಕ್ಷೆ ಕಟ್ಟಿ ಹೇಗೋ ಪಾಸಾದೆ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ, ದೀರ್ಘ ಎಲ್ಲಾದರೂ ತಪ್ಪಿದ್ದರೆ ಸಿಟ್ಟಾಗದೆ ತಿದ್ದಿಕೊಂಡು ಓದಿ.

ಮೊನ್ನೆ ಕಂಪ್ಲಿ ದಾರಿಯ ಸೇತುವೆಗೆ ಹೋಗಿದ್ದೆ. ಡ್ಯಾಮಿನಿಂದ ನೀರು ಬಿಟ್ಟಿದ್ದರು. ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ಇಳಿದ ಕೂಡಲೇ ಹೊಸ ನೀರಿನ ವಾಸನೆ ಮೂಗಿಗೆ ಬಂತು. ಕೆಂಪು ಮಣ್ಣು, ಕೊಳೆತ ಹುಲ್ಲು, ಎಲ್ಲೋ ಸತ್ತ ಮೀನು, ಎಲ್ಲ ಕೂಡಿದ ವಾಸನೆ ಅದು. ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಲಾಕ್‌ಡೌನ್ ಎಲ್ಲ ಮುಗಿದ ಮೇಲೆ ಬಂದ ಒಂದು ಮಳೆಗಾಲ, ಅದರ ಹಿಂದೆಯೇ ಬಂದ ಇಡೀ ವರ್ಷ ಆ ವಾಸನೆಯ ಸಂಗಡ ಎದ್ದು ಬಂತು.

ಆ ಹೊತ್ತಿಗೆ ನನ್ನ ಸ್ಟುಡಿಯೋ ಬಹುತೇಕ ಖಾಲಿ ಇತ್ತು. ಎಲ್ಲರ ಕೈಯಲ್ಲೂ ಫೋನು, ನನ್ನ ಹತ್ತಿರ ಬರುವವರು ಪಾಸ್‌ಪೋರ್ಟ್ ಸೈಜಿನವರು ಮಾತ್ರ. ಅಂಥ ದಿನಗಳಲ್ಲಿ ರೈಸ್ ಮಿಲ್ಲಿನ ರಾವ್ ಗಾರು ಕರೆಸಿದರು. ಅವರ ಅಪ್ಪನ ಕಾಲಕ್ಕೆ ಕಾಲುವೆ ನೀರು ನೋಡಿ ಆಂಧ್ರದ ಕಡೆಯಿಂದ ಬಂದು ನೆಲೆಸಿದ ಮನೆತನ.

"ಏಮಯ್ಯಾ ಬಸಣ್ಣಾ, ಪ್ರತಿ ವರ್ಷ ಕ್ಯಾಲೆಂಡರಿಗೆ ದೇವರ ಫೋಟೋ ಹಾಕಿ ಸಾಕಾಗಿದೆ. ಜನ ಹಳೇದನ್ನ ಎಸೆಯೋಕೆ ಹೆದರ್ತಾರೆ, ಅದರ ಮೇಲೇ ಹೊಸದನ್ನ ನೇತು ಹಾಕ್ತಾರೆ. ಈ ಸಲ ದೇವರು ಬೇಡ. ನಮ್ಮ ಊರು, ನಮ್ಮ ನೀರು. ಒಂದೇ ಒಂದು ದೊಡ್ಡ ಫೋಟೋ ಬೇಕು. ಎಷ್ಟು ಬೇಕಾದ್ರೂ ಅಡ್ಡಾಡು, ಆದ್ರೆ ಒಂದು ಒಳ್ಳೇದು ತಾ."

ನಮ್ಮ ಊರೊಳಗೆ ಹರಿಯುವ ಹಳ್ಳದ ದಂಡೆ ಹಿಡಿದು ನಡೆಯಲು ಶುರು ಮಾಡಿದೆ. ದಿನಾ ಬೆಳಗ್ಗೆ ಒಂದಿಷ್ಟು ದೂರ. ಮೂವತ್ತು ವರ್ಷ ಅದೇ ಊರಲ್ಲಿದ್ದು ಹಳ್ಳದ ಕಡೆಯಿಂದ ಊರನ್ನು ನಾನು ನೋಡಿರಲಿಲ್ಲ. ರಸ್ತೆಗೆ ಮುಖ ತೋರಿಸುವ ಊರು ಹಳ್ಳಕ್ಕೆ ಬೆನ್ನು ತೋರಿಸುತ್ತದೆ. ಮುಂದಿನಿಂದ ಬಟ್ಟೆ ಅಂಗಡಿಯ ಗಾಜು, ಹಿಂದಿನಿಂದ ಬಚ್ಚಲ ಪೈಪು. ಹೋಟೆಲಿನ ಹುಡುಗಿಯರು ಕುಳಿತು ಪಾತೇಲಿ ತಿಕ್ಕುವ ಕಟ್ಟೆ, ಒಣಗಲು ಬಿಟ್ಟ ಸೀರೆಗಳು, ಮಸೀದಿಯ ಹಿಂದಿನ ಬೇವಿನ ಮರ, ಹಂದಿ, ಪ್ಲಾಸ್ಟಿಕ್ಕು, ಅದರ ನಡುವೆ ಎಲ್ಲಿಂದಲೋ ಬಂದು ನಿಂತ ಒಂದು ಬಿಳಿ ಕೊಕ್ಕರೆ. ಮಿಲ್ಲುಗಳ ಹತ್ತಿರ ಬಂದರೆ ಸುಟ್ಟ ಹೊಟ್ಟಿನ ಬೂದಿ ಲೆನ್ಸಿನ ಮೇಲೆ ಬೀಳುತ್ತಿತ್ತು. ಒರೆಸುವುದು, ತೆಗೆಯುವುದು, ಮತ್ತೆ ಒರೆಸುವುದು. ಎಡ ಮೊಣಕಾಲು ಆಗಲೇ ಹಿಡಿಯಲು ಶುರುವಾಗಿತ್ತು. ಊರು ದಾಟಿದ ಮೇಲೆ ನೆಲ್ಲಿನ ಗದ್ದೆಗಳು. ನಾಟಿ ಹಚ್ಚುವ ಹೆಂಗಸರು ಬಗ್ಗಿದಲ್ಲಿಂದಲೇ ಕೂಗಿದರು: "ಏ ಫೋಟೋದಣ್ಣಾ, ಬರೇ ನಮ್ಮ ಬೆನ್ನ ತಗೀತಿಯಲ್ಲೋ, ಮಾರಿ ಛಲೋ ಇಲ್ಲೇನು ನಮ್ದು?" ಅವರು ನಕ್ಕರು, ನಾನೂ ನಕ್ಕೆ. ಫೋಟೋ ಮಾತ್ರ ಕ್ಯಾಲೆಂಡರಿಗೆ ಆಗುವಂಥದ್ದು ಒಂದೂ ಸಿಗಲಿಲ್ಲ.

ಹಾಗೆ ನಡೆಯುತ್ತ ನಡೆಯುತ್ತ ತುಂಗಭದ್ರೆಯ ದಂಡೆಯ ಒಂದು ಸಣ್ಣ ಊರಿಗೆ ಮುಟ್ಟಿದೆ. ಅದರ ಹೆಸರು ಬರೆಯುವುದಿಲ್ಲ, ಅಲ್ಲಿಯವರಿಗೆ ಗೊತ್ತಾಗುತ್ತದೆ. ನಾನು ಚೀಲದಿಂದ ಕ್ಯಾಮೆರಾ ತೆಗೆದದ್ದೇ ತಡ, ನಾಲ್ಕೈದು ಜನ ಓಡಿ ಬಂದರು.

"ಯಾರದ್ರಿ? ಎಲ್ಲಿ ಸಿಕ್ತು?"

ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹೊಳೆಯಲ್ಲಿ ಹೆಣ ಸಿಕ್ಕಾಗ ಪೊಲೀಸರು ಫೋಟೋ ತೆಗೆಯಲು ಕರೆಯುತ್ತಿದ್ದದ್ದು ನನ್ನನ್ನೇ. ಆ ದಂಡೆಯಲ್ಲಿ ಕ್ಯಾಮೆರಾ ಕಂಡರೆ ಯಾರೋ ಹೋದರು ಎಂದೇ ಲೆಕ್ಕ. ಅದಕ್ಕೇ ಹೊಳೆಯವರು ನೀರಿನಲ್ಲಿ ನಿಂತು ಯಾವತ್ತೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ಮದುವೆಗೆ, ಮಕ್ಕಳ ಜವಳಕ್ಕೆ ಊರೊಳಗೆ ಎಷ್ಟು ಬೇಕಾದರೂ ತೆಗೆಸುತ್ತಾರೆ. ನೀರಿನ ಹತ್ತಿರ ಮಾತ್ರ ಇಲ್ಲ.

"ಹೆಣ ಅಲ್ರಪಾ, ಕ್ಯಾಲೆಂಡರಿಗೆ ಹೊಳಿ ಫೋಟೋ" ಎಂದೆ.

ಎಲ್ಲರೂ ನನ್ನನ್ನೇ ನೋಡಿದರು. ಆಗ ನೀರಿನಿಂದ ಒಬ್ಬ ಕೂಗಿದ: "ಹಂಗಾದ್ರ ನಂದು ತಗೀರಿ ಸಾಹೇಬ್ರ. ಸತ್ತ ಮ್ಯಾಲ ತಗದ್ರ ನನಗ ನೋಡಾಕ ಸಿಗಂಗಿಲ್ಲಲ್ಲ!"

ಅವನೇ ಯಮನೂರಪ್ಪ. ಮೀನು ಹಿಡಿಯುವವನು, ಹರಿಗೋಲಿನವನು. ಮಂಜು ಬಿಡುವ ಹೊತ್ತು, ಹಿಂದೆ ಬಂಡೆಗಲ್ಲಿನ ಗುಡ್ಡ, ಬುಟ್ಟಿಯಂಥ ದುಂಡನೆಯ ಹರಿಗೋಲಿನಲ್ಲಿ ಹುಟ್ಟು ಹಿಡಿದು ನಿಂತಿದ್ದ. ದಪ್ಪ ಮೀಸೆ, ತಲೆಗೆ ಕೆಂಪು ಟವೆಲು. ಇಂಥ ಬೆಳಕು ವರ್ಷಕ್ಕೆ ಒಂದು ಸಲ ಸಿಗುತ್ತದೆ. ಕ್ಯಾಮೆರಾ ಎತ್ತಿದೆ.

ಬಟ್ಟೆ ಒಗೆಯುತ್ತಿದ್ದ ಅವನ ಹೆಂಡತಿ ಹುಲಿಗೆಮ್ಮ ಎದ್ದು ನಿಂತು ಬೈದಳು. "ಏ, ನಿನಗೇನು ಬುದ್ಧಿ ಐತೋ ಇಲ್ಲೋ? ಹೊಳಿಯಾಗ ನಿಂತು ಯಾರರ ಫೋಟೋ ತಗಸ್ತಾರೇನು? ಇಳಿ ಮೊದ್ಲು!"

"ಇಳೀತೀನಿ ತಡಿಯೇ. ಒಂದರ ಛಲೋ ಫೋಟೋ ಇರ್ಲಿ. ಆಧಾರ್ ಕಾರ್ಡಿನ್ಯಾಗ ನೋಡಿದ್ರ ನಾನ ನನಗ ಕಳ್ಳ ಕಂಡಂಗ ಕಾಣ್ತೀನಿ" ಎಂದು ಅವನು ನಕ್ಕ. ಆ ನಗು ಬಂದ ಗಳಿಗೆಗೇ ನಾನು ಒತ್ತಿದೆ.

ರಾವ್ ಗಾರು ಆ ಫೋಟೋ ನೋಡಿ ಉಳಿದದ್ದನ್ನು ತೆರೆಯಲೇ ಇಲ್ಲ. "ಇದೇ ಅಯ್ಯಾ" ಎಂದರು. ನಡಿಗೆ ಮುಗಿಯಿತು, ಇನ್ನು ಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂರಬಹುದು ಎಂದುಕೊಂಡೆ.

ಅದೇ ವಾರ ಮಲೆನಾಡಿನಲ್ಲಿ ಮಳೆ ಜೋರಾಯಿತು, ಡ್ಯಾಮಿನ ಗೇಟು ತೆಗೆದರು. ದಂಡೆಯ ಊರುಗಳಲ್ಲಿ ಡಂಗುರ ಹೊಡೆಸಿದ್ದರು. ಸಂಜೆ ಯಮನೂರಪ್ಪ ದಂಡೆಗೆ ಕಟ್ಟಿದ ಹರಿಗೋಲನ್ನು ಮೇಲೆ ಎಳೆದು ಹಾಕಿ ಬರುತ್ತೇನೆಂದು ಹೋದವನು ಬರಲಿಲ್ಲ. ಮರುದಿನ ಹರಿಗೋಲು ಬಹಳ ಕೆಳಗೆ ಜಾಲಿ ಕಂಟಿಯಲ್ಲಿ ಬೋರಲು ಬಿದ್ದು ಸಿಕ್ಕಿತು. ಅವನು ಸಿಗಲಿಲ್ಲ.

ಸುದ್ದಿ ಹೇಳಿದವನು ಸೇತುವೆ ಹತ್ತಿರ ಚಹಾದ ಅಂಗಡಿ ಇಟ್ಟಿದ್ದ ಖಾಜಾಸಾಬ. ನಾನು ಚಹಾ ಮುಟ್ಟದೆ ಕುಳಿತದ್ದು ನೋಡಿ, "ಕ್ಯಾಮೆರಾ ಹಿಡಿದವನೆಲ್ಲಾ ಜೀವಾ ಒಯ್ಯೋ ಮಲಕುಲ್ ಮೌತ್ ಆಗಂಗಿಲ್ಲ ಬಸಣ್ಣ, ಪೀ ಲೇ" ಎಂದ. ಆದರೂ ದಂಡೆಯ ಜನ ನನ್ನನ್ನು ಹೇಗೆ ನೋಡುತ್ತಿದ್ದರು ಎಂಬುದು ನನಗೆ ಗೊತ್ತಿತ್ತು.

ಆ ಮಳೆಗಾಲದಲ್ಲಿ ಪೊಲೀಸರಿಂದ ನನಗೆ ಎರಡು ಸಲ ಕರೆ ಬಂತು, ಹೊಳೆಯಲ್ಲಿ ಕೆಳಗಡೆ ಹೆಣ ಸಿಕ್ಕಿದೆ ಎಂದು. ಎರಡೂ ಸಲ ಹುಲಿಗೆಮ್ಮ ನನಗಿಂತ ಮೊದಲೇ ಬಂದು ದೂರದಲ್ಲಿ ಬೇಲಿಯ ಹತ್ತಿರ ನಿಂತಿದ್ದಳು. ಮೊದಲ ಸಲ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಣ್ಣಾರ, ಅಲ್ಲಿ ಬಂದು ನೋಡಾಕ ನನಗ ಆಗಂಗಿಲ್ಲ. ನೀವು ನೋಡ್ರಿ. ನಾ ನಿಮ್ಮ ಮಾರಿ ನೋಡ್ತೀನಿ."

ನಾನು ನೋಡಿದೆ, ತಿರುಗಿ ತಲೆ ಅಲ್ಲಾಡಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕುಳಿತಳು. ಅಲ್ಲ ಎಂದದ್ದಕ್ಕೆ ಸಮಾಧಾನವೋ ಸಂಕಟವೋ ನನಗೆ ಗೊತ್ತಾಗಲಿಲ್ಲ. ಎರಡನೇ ಸಲವೂ ಹಾಗೆಯೇ ಆಯಿತು. ಮೂವತ್ತು ವರ್ಷ ಜನರ ಮುಖ ನೋಡಿ "ಸ್ವಲ್ಪ ನಗ್ರಿ" ಎಂದವನ ಮುಖವನ್ನು ಒಬ್ಬರು ಹಾಗೆ ಕಾಯುವುದು ಬಹಳ ಭಾರ. ಆ ಎರಡು ದಿನ ಮನೆಗೆ ಬಂದು ಉಣ್ಣದೆ ಮಲಗಿದೆ.

ದೀಪಾವಳಿಗೆ ಮುಂಚೆ ಯಮನೂರಪ್ಪನ ಅಣ್ಣ ಹನುಮಪ್ಪ ಸ್ಟುಡಿಯೋಕ್ಕೆ ಬಂದ. "ನೀವು ತಗದಿದ್ದು ಫೋಟೋ ಐತಂತಲ್ರಿ. ದೊಡ್ಡದು ಮಾಡಿ, ಕಟ್ಟು ಹಾಕಿ, ಹಾರ ಹಾಕಿ ಕೊಡ್ರಿ. ಹೆಣ ಸಿಗದಿದ್ರೂ ದಿನ ಮಾಡಬೇಕಲ್ರಿ. ಎಷ್ಟಂತ ಅವನ್ನ ಹೊರಗ ನಿಂದ್ರಸೋದು?" ಅವನ ಕಣ್ಣು ಕೆಂಪಗಿದ್ದವು. ಒಬ್ಬನೇ ತಮ್ಮ.

ಅವನು ಮಾತು ಮುಗಿಸುವ ಮೊದಲೇ ಹುಲಿಗೆಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನ ಹಿಂದೆಯೇ ಬಸ್ಸು ಹತ್ತಿ ಬಂದಿದ್ದಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ.

"ಬಾವಾರ, ಹಾರ ಹಾಕಿಸಬ್ಯಾಡ್ರಿ."

"ತಂಗೀ, ಎಷ್ಟು ದಿನ ಆತು? ಊರಾಗ ಏನಂತಾರ ಗೊತ್ತೈತೇನು? ಗಂಡ ಹೋಗ್ಯಾನ, ಇಕಿ ಬಳಿ ಇಟ್ಕೊಂಡು ಅಡ್ಡಾಡ್ತಾಳ ಅಂತಾರ."

"ಅನ್ಲಿ. ಹೋಗ್ಯಾನ ಅಂತ ಅವರಿಗೆ ಹೊಳಿ ಬಂದು ಹೇಳೇತೇನು? ನನಗ ಹೇಳಿಲ್ಲ."

ಹನುಮಪ್ಪ ನನ್ನ ಕಡೆ ನೋಡಿದ. ನಾನು ಕಂಪ್ಯೂಟರಿನ ಕಡೆ ನೋಡಿದೆ. ಅದರಲ್ಲಿ ಕ್ಯಾಲೆಂಡರಿನ ನಮೂನೆ ತೆರೆದಿತ್ತು. ಮೇಲೆ ನಗುತ್ತಿದ್ದ ಯಮನೂರಪ್ಪ, ಕೆಳಗೆ ಮಿಲ್ಲಿನ ಹೆಸರು, ಫೋನ್ ನಂಬರು. ಹೀಗಾದ ಮೇಲೂ ಅದನ್ನು ಅಚ್ಚಿಗೆ ಕೊಡಬೇಕೋ ಬೇಡವೋ ಎಂದು ರಾವ್ ಗಾರು ಇನ್ನೂ ಹೇಳಿರಲಿಲ್ಲ. ಹುಲಿಗೆಮ್ಮ ಹತ್ತಿರ ಬಂದು ಅದನ್ನು ಬಹಳ ಹೊತ್ತು ನೋಡಿದಳು.

"ಇದು ಎಲ್ಲೆಲ್ಲಿ ಹೋಕ್ಕೈತ್ರಿ?"

"ಅಕ್ಕಿ ಹೋದಲ್ಲೆಲ್ಲಾ ಹೋಕ್ಕೈತವ್ವಾ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಎಲ್ಲಾ ಕಿರಾಣಿ ಅಂಗಡಿಗೆ."

"ಹಂಗಾದ್ರ ಇದನ್ನ ಮಾಡ್ರಿ. ತಲಿಗೆ ಏಟು ಬಿದ್ದು ಎಲ್ಲ್ಯರ ಕುಂತಿದ್ರ ಯಾರರ ಗುರುತು ಹಿಡೀತಾರ."

ಅವಳನ್ನು ಕರೆದುಕೊಂಡು ಮಿಲ್ಲಿಗೆ ಹೋದೆ. ರಾವ್ ಗಾರು ಅವಳಿಗೆ ಕುರ್ಚಿ ಹಾಕಿಸಿದರು, ಅವಳು ಕೂರಲಿಲ್ಲ.

"ಅಮ್ಮಾ, ಇದು ವರ್ಷ ಪೂರ್ತಿ ಜನರ ಮನೆ ಗೋಡೆ ಮೇಲೆ ಇರುತ್ತೆ. ನಾಳೆ ಏನಾದ್ರೂ ಕೆಟ್ಟದ್ದು ತಿಳಿದು ಬಂದ್ರೆ?"

"ತಿಳಿದು ಬರ್ಲಿ ಅಂತನ ಕೇಳಾಕತ್ತೀನ್ರಿ ಸಾವ್ಕಾರ್ರ."

ರಾವ್ ಗಾರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕಡೆ ತಿರುಗಿ, "ಅಚ್ಚಿಗೆ ಕೊಡು" ಎಂದರು.

ಹೊಸ ವರ್ಷಕ್ಕೆ ಯಮನೂರಪ್ಪ ಲಾರಿ ಹತ್ತಿ ಊರೂರಿಗೆ ಹೋದ. ಅಕ್ಕಿ ಇಳಿಸುವ ಹುಡುಗರು ಅಂಗಡಿ ಅಂಗಡಿಗೆ ಕಥೆ ಹೇಳಿ ಕ್ಯಾಲೆಂಡರು ಕೊಟ್ಟರು. ಖಾಜಾಸಾಬ ತನ್ನ ಅಂಗಡಿಯಲ್ಲಿ ಒಲೆಯ ಹೊಗೆ ತಾಗದ ಗೋಡೆ ಹುಡುಕಿ ಹಾಕಿದ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಮಿಲ್ಲಿಗೆ ಫೋನು ಬರಲು ಶುರುವಾದವು. ಇಂಥವನನ್ನು ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ನೋಡಿದೆವು. ಹಿಟ್ನಾಳ ಕ್ರಾಸಿನಲ್ಲಿ ಲಾರಿ ಒರೆಸುತ್ತಿದ್ದ. ಯಲಬುರ್ಗಾದಲ್ಲಿ ಗುಡಿ ಮುಂದೆ ಮಾತಿಲ್ಲದೆ ಕುಳಿತಿರುತ್ತಾನೆ.

ಪ್ರತಿ ಫೋನಿಗೂ ಹುಲಿಗೆಮ್ಮ ಹೊರಡುತ್ತಿದ್ದಳು. ಫೋಟೋ ತೆಗೆದವನು ನಾನು, ಗುರುತು ಹಿಡಿಯಲು ನಾನಿರಬೇಕು ಎಂದು ನನ್ನನ್ನೂ ಕರೆಯುತ್ತಿದ್ದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಸಿಗೆ ಶುರುವಾಗಿತ್ತು. ಬಸ್ಸಿನ ಕಬ್ಬಿಣ ಮುಟ್ಟಿದರೆ ಸುಡುತ್ತಿತ್ತು. ಹೋಗುವಾಗ ಅವಳು ಕಿಟಕಿಯ ಹತ್ತಿರ ಕುಳಿತು ದಾರಿಯ ಪ್ರತಿ ಗಂಡಸಿನ ಮುಖ ನೋಡುತ್ತಿದ್ದಳು. ಬರುವಾಗ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಯಲಬುರ್ಗಾದ ಮನುಷ್ಯ ಮುದುಕ. ಹಿಟ್ನಾಳದವನಿಗೆ ಮೀಸೆಯೇ ಇರಲಿಲ್ಲ.

ಕುಷ್ಟಗಿಯ ಸುದ್ದಿ ಮಾತ್ರ ಬೇರೆ ಥರ ಇತ್ತು. ಅಂಗಡಿಯವನು ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ್ದ. ದೂರದಿಂದ ತೆಗೆದದ್ದು, ಆದರೂ ಅದೇ ಮೀಸೆ, ಅದೇ ಹೆಗಲು, ತಲೆಗೆ ಕೆಂಪು ಟವೆಲು. ನಾನೂ ಇವನೇ ಎಂದುಕೊಂಡೆ. ಕನಕಗಿರಿ ದಾರಿ ಹಿಡಿದು ಹೋದೆವು. ಆ ದಿನ ಹುಲಿಗೆಮ್ಮ ರೊಟ್ಟಿ, ಪುಂಡಿಪಲ್ಯ, ಗಂಡನ ಒಂದು ಜೊತೆ ಒಗೆದ ಬಟ್ಟೆ ಕಟ್ಟಿಕೊಂಡು ಬಂದಿದ್ದಳು.

ಕುಷ್ಟಗಿಯ ಸಂತೆಯಲ್ಲಿ ಅವನು ಚೀಲ ಹೊರುತ್ತಿದ್ದ. ನಮ್ಮನ್ನು ಕಂಡ ಕೂಡಲೇ ಚೀಲ ಇಳಿಸಿ ಕೈ ಮುಗಿದ.

"ನೀವೂ ಕ್ಯಾಲೆಂಡರಿನವ್ರೇನ್ರಿ? ಯಪ್ಪಾ, ಸಾಕಾಗೇತ್ರಿ ನನಗ. ಸಂತಿಗೆ ಬಂದವ್ರೆಲ್ಲಾ ನನ್ನ ಮುಟ್ಟಿ ಮುಟ್ಟಿ ನೋಡಾಕತ್ತಾರ. ನನ್ನ ಹೆಂಡ್ತಿ, ಖರೇ ಹೇಳು, ಗಂಗಾವತ್ಯಾಗ ಇನ್ನೊಂದು ಮನಿ ಮಾಡಿಯೇನು ಅಂತ ದಿನಾ ಜಗಳಾಡ್ತಾಳ. ನಾ ದ್ಯಾವಪ್ಪ ರೀ. ಹುಟ್ಟಿದ್ದಿಲ್ಲೆ, ಹೊಳಿ ಅಂದ್ರ ಕಂಡಿಲ್ಲ, ಈಜು ಬರಂಗಿಲ್ಲ."

ಸುತ್ತ ನಿಂತವರು ನಕ್ಕರು. ಅವನೂ ನಗುತ್ತಿದ್ದ. ಆಮೇಲೆ ಹುಲಿಗೆಮ್ಮನ ಕೈಯಲ್ಲಿದ್ದ ಬಟ್ಟೆಯ ಗಂಟು ನೋಡಿ ನಗು ನಿಲ್ಲಿಸಿದ. ಅವಳ ಎದುರು ಕುಕ್ಕರಗಾಲಲ್ಲಿ ಕುಳಿತ.

"ನಾ ಅವನಾಗಿದ್ರ ಇಷ್ಟು ದಿನ ಕುಂದ್ರತಿದ್ದಿಲ್ಲವ್ವಾ. ನಡಕೋಂತರ ಬಂದು ಬಿಡ್ತಿದ್ದೆ."

ಹುಲಿಗೆಮ್ಮ ಗಂಟು ಬಿಚ್ಚಿ ರೊಟ್ಟಿ, ಪಲ್ಯ ತೆಗೆದು ಅವನ ಮುಂದೆ ಇಟ್ಟಳು. ಅವನು ಬೇಡ ಎನ್ನದೆ ಅಲ್ಲೇ ಚೀಲಗಳ ನಡುವೆ ಕುಳಿತು ಉಂಡ. ಅವಳು ಕೊನೆಯ ತುತ್ತಿನವರೆಗೂ ಎದುರಿಗೆ ಕುಳಿತು ನೋಡಿದಳು. ಬಟ್ಟೆಯನ್ನು ಮಾತ್ರ ಕೊಡಲಿಲ್ಲ, ಮತ್ತೆ ಕಟ್ಟಿಕೊಂಡಳು.

ವಾಪಸು ಬರುವ ಬಸ್ಸಿನಲ್ಲಿ ನಾನು ಎಂದೋ ಹೇಳಬೇಕಿದ್ದ ಮಾತನ್ನು ಹೇಳಿದೆ. "ತಂಗೀ, ನೀ ಆವತ್ತು ಬ್ಯಾಡ ಅಂದಿದ್ದಿ. ನಾನು ತಗದೆ."

"ಅವ ಫೋಟೋದಿಂದ ಹೋಗಲಿಲ್ಲಣ್ಣಾರ, ಹೊಳಿಯಿಂದ ಹೋದ" ಎಂದಳು. ಮಡಿಲಲ್ಲಿದ್ದ ಗಂಟು ಸರಿ ಮಾಡಿಕೊಂಡು ಮತ್ತೆ ಹೇಳಿದಳು: "ಅವ ನಕ್ಕಿದ್ದು ಅದೊಂದರಾಗ ಉಳದೈತಿ."

ಅವಳ ಬಾಯಲ್ಲಿ "ಹೋದ" ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ತಾವರಗೇರಾ ದಾಟಿದ ಮೇಲೆ ಇಬ್ಬರೂ ನಿದ್ದೆ ಹೋದೆವು. ಆಮೇಲೂ ಫೋನು ಬಂದವು, ಅವಳು ಹೋಗಲಿಲ್ಲ. ವರ್ಷದ ಕೊನೆಗೆ ರಾವ್ ಗಾರು ಮತ್ತೆ ದೇವರ ಫೋಟೋಕ್ಕೆ ಮರಳಿದರು. ಅಂಗಡಿಗಳ ಗೋಡೆಯಿಂದ ಯಮನೂರಪ್ಪ ಒಂದೊಂದಾಗಿ ಇಳಿದ. ಹೊಳೆಯ ಕಡೆ ಹೋಗುವುದನ್ನು ನಾನು ಬಿಟ್ಟೆ. ಪೊಲೀಸರಿಗೂ ಬೇರೆ ಹುಡುಗನ ನಂಬರು ಕೊಟ್ಟೆ.

ಇದೆಲ್ಲ ನೆನೆಯುತ್ತ ಮೊನ್ನೆ ಆ ಕಲ್ಲಿನ ಮೇಲೆ ಕುಳಿತಿದ್ದಾಗ ಖಾಜಾಸಾಬ ನನ್ನನ್ನು ನೋಡಿ ಅಂಗಡಿಯಿಂದ ಕೂಗಿದ. "ಕ್ಯಾ ಬಸಣ್ಣ, ಹೊಳಿ ಮ್ಯಾಲ ಸಿಟ್ಟು ಇಳೀತೇನು? ಹುಲಿಗೆಮ್ಮ ನಿನ್ನ ಕೇಳಾಕತ್ತಿದ್ಲು. ಹೋಗಿ ಬಾ."

ಹೋದೆ. ಮನೆಯ ಮುಂದೆ ಹಂದರಕ್ಕೆ ಗಳ ತಂದು ಹಾಕಿದ್ದರು. ಹುಲಿಗೆಮ್ಮನ ಮಗಳ ಮದುವೆ. ಹನುಮಪ್ಪ ಗುಂಡಿ ತೋಡುತ್ತಿದ್ದ, ನನ್ನನ್ನು ಕಂಡು "ಬರ್ರಿ ಬರ್ರಿ" ಎಂದ. ಒಳಗೆ ಗೋಡೆಯ ಮೇಲೆ ಅದೇ ಕ್ಯಾಲೆಂಡರು ಇತ್ತು. ಕೆಳಗಿನ ತಾರೀಖಿನ ಹಾಳೆಗಳು ಎಂದೋ ಮುಗಿದಿದ್ದವು. ಮೇಲಿನ ಫೋಟೋ ಬಣ್ಣ ಹೋಗಿ ನೀರೂ ಆಕಾಶವೂ ಒಂದೇ ಆಗಿತ್ತು. ಯಮನೂರಪ್ಪನ ಮುಖ ಹುಡುಕಿ ನೋಡಬೇಕು, ಹಾಗಿತ್ತು. ಹುಲಿಗೆಮ್ಮನ ತಲೆ ಅರ್ಧ ಬೆಳ್ಳಗಾಗಿತ್ತು. ಕೈಯಲ್ಲಿ ಬಳೆ ಇದ್ದವು.

ಚಹಾ ಕೊಟ್ಟು ಎದುರಿಗೆ ಕುಳಿತಳು. "ಅಣ್ಣಾರ, ಆ ಫೋಟೋ ನಿಮ್ಮ ಹತ್ರ ಇನ್ನೂ ಐತೇನ್ರಿ?"

"ಐತವ್ವಾ."

"ಮದ್ವಿಗಿಂತ ಮೊದ್ಲು ಹಿರೇರ ಪೂಜಿ ಮಾಡಬೇಕು, ಮನ್ಯಾಗ ತೀರಿಕೊಂಡವ್ರದು. ಮಗಳು ಕೇಳಿದ್ಲು. ಯವ್ವಾ, ಅಪ್ಪನ್ನ ಎಲ್ಲಿ ಕುಂದ್ರಸೋಣು, ಹಂದರದಾಗೋ, ಹಿರೇರ ಸಂಗಾಟವೋ ಅಂತ. ಹಂದರದಾಗ ಖಾಲಿ ಜಾಗ ಇಟ್ರ ಬಂದವ್ರೆಲ್ಲಾ ಮದಮಗಳ ಮಾರಿ ಬಿಟ್ಟು ಆ ಜಾಗಾನ ನೋಡ್ತಾರ. ಅಕಿ ದಿನ ಅದು. ಅಕಿದ ಇರ್ಲಿ." ಅವಳು ಗೋಡೆಯ ಕಡೆ ನೋಡಿದಳು. "ಹಿರೇರ ಸಂಗಾಟನ ಇರ್ಲಿ. ಫೋಟೋ ದೊಡ್ಡದು ಮಾಡಿ ಕಟ್ಟು ಹಾಕ್ರಿ."

ನಾನು ಲೋಟ ಕೆಳಗಿಟ್ಟೆ. ನಮ್ಮ ಕೆಲಸದಲ್ಲಿ ಇಂಥ ಫೋಟೋಕ್ಕೆ ಕಟ್ಟಿನ ಸಂಗಡ ಗಂಧದ ಹಾರವನ್ನೂ ನಾವೇ ಹಾಕಿ ಕೊಡುವುದು ರೂಢಿ. ಕೇಳಲೇಬೇಕಿತ್ತು. ಕೇಳಿದೆ.

"ಹಾರ ಹಾಕಿ ತರಬ್ಯಾಡ್ರಿ" ಎಂದಳು. "ಹಂಗ ತಗೊಂಡು ಬರ್ರಿ. ಮೊಳಿ ಅದ ಐತಿ. ಹಾರ ನಾ ಹಾಕ್ತೀನಿ."

ನಿನ್ನೆ ಪ್ರಿಂಟು ತೆಗೆದೆ. ಬಣ್ಣ ಸರಿ ಬರಲಿ ಎಂದು ಮೂರು ಸಲ ತೆಗೆಯಬೇಕಾಯಿತು. ಈಗ ಅದು ಸ್ಟುಡಿಯೋದ ಬೆಂಚಿನ ಮೇಲೆ ಗೋಡೆಗೆ ಆನಿಸಿ ನಿಂತಿದೆ. ಯಮನೂರಪ್ಪ ನಗುತ್ತಿದ್ದಾನೆ, ನಾನು ಎದುರಿಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಾಳೆ ಒಯ್ಯಬೇಕು.

ಓದಿದವರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲೂ, ನಿಮ್ಮ ಓಣಿಯಲ್ಲೂ ಹೋದವರು ಹೋದರೋ ಇದ್ದಾರೋ ತಿಳಿಯದೆ ಗೋಡೆಗೆ ಬಾರದ ಫೋಟೋ ಒಂದು ಇರಬಹುದು. ಅದನ್ನು ಎಲ್ಲಿಟ್ಟಿದ್ದೀರಿ, ಯಾವತ್ತು ಹೊರಗೆ ತೆಗೆದಿರಿ, ಬರೆಯಿರಿ. ನಾನು ನಿಧಾನಕ್ಕೆ ಓದುವವನು, ಆದರೆ ಪೂರ್ತಿ ಓದುತ್ತೇನೆ.